ಮೈಯಳತೆಯ ಸೀಟು

ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಸುರಿದ ದ್ರಾವಣ ನೊರೆಯೆದ್ದು ಸೊಂಟದ ಕೆಳಗೆ ಬಿಸಿಯಾಗಿ ಉಬ್ಬತೊಡಗಿದಾಗ, ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡಾಗ ಆಗುತ್ತಿದ್ದದ್ದೂ ಹೀಗೆಯೇ ಎಂದು ಅವನಿಗೆ ಅನ್ನಿಸಿತು. ಮೊದಲು ಹಿತ, ಆಮೇಲೆ ನಾಚಿಕೆ. ಕಾರಿನ ಬರಿಯ ಒಡಲೊಳಗೆ ಕಾಲು ಚಾಚಿಸಿ ಕೂರಿಸಿ, ಮೇಸ್ತ್ರಿ ಅವನ ಎರಡೂ ಭುಜಗಳನ್ನು ಒತ್ತಿ ಹಿಡಿದಿದ್ದ. ನೊರೆ ಗಟ್ಟಿಯಾಗುವ ತನಕ ಮಿಸುಕಬಾರದು. ಮಿಸುಕಿದರೆ ಅದೂ ಅಚ್ಚಿನಲ್ಲಿ ಉಳಿದು ವರ್ಷವಿಡೀ ಪಕ್ಕೆಗೆ ಚುಚ್ಚುತ್ತದೆ. ರೇಸಿನ ಕಾರಿನ ಸೀಟು ಅಂಗಡಿಯಲ್ಲಿ ಸಿಗುವುದಲ್ಲ, ಓಡಿಸುವವನ ಮೈಗೇ ಎರಕ ಹೊಯ್ಯುವುದು. ಒಬ್ಬನದು ಇನ್ನೊಬ್ಬನಿಗೆ ಆಗುವುದಿಲ್ಲ. ಗೋಡೆಯ ಬದಿಯಲ್ಲಿ, ಖಾಲಿ ಎಣ್ಣೆ ಡಬ್ಬಗಳ ಮೇಲೆ, ಈ ಕಾರಿಗಾಗಿ ನಡೆದ ಆಯ್ಕೆಯಲ್ಲಿ ತನ್ನೆದುರು ಸೋತ, ಎಲ್ಲರೂ ಸಣಕಲ ಎಂದು ಕರೆಯುವ ಹುಡುಗನ ಸೀಟು ಬೋರಲು ಬಿದ್ದಿತ್ತು. ಅಷ್ಟು ಕಿರಿದಾದ ಸೊಂಟದ ಮನುಷ್ಯ ಇರುವುದುಂಟೇ ಎನ್ನಿಸುವಂತಿತ್ತು ಅದು. ಉಸಿರು ಬಿಗಿ ಹಿಡಿಯಬೇಡಿ, ಆರಾಮಾಗಿರಿ ಎಂದ ಮೇಸ್ತ್ರಿ. ಅವನ ಕೈಯಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ನಿನ್ನೆಯವರೆಗೂ ಈ ವಾಸನೆ ಮೂಗಿಗೆ ಬಿದ್ದರೆ ಎದೆ ಅರಳುತ್ತಿತ್ತು, ಇವತ್ತು ಅವನು ಬಾಯಿಯಿಂದ ಉಸಿರಾಡಿದ.

ತಪ್ಪು ತನ್ನದೇ. ಬೆಳಿಗ್ಗೆ ಸುಮ್ಮನೆ ತಿಂದು ಏಳುವುದು ಬಿಟ್ಟು, ಇನ್ನೊಂದು ವರ್ಷ ಕಳೆದರೆ ಅಪ್ಪನ ದುಡ್ಡೇ ಬೇಕಾಗುವುದಿಲ್ಲ, ಆಯ್ಕೆಯ ದಿನದ ತನ್ನ ಓಟ ನೋಡಿದವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ ಎಂದು ಅಪ್ಪನ ಮುಂದೆ ಕೊಚ್ಚಿಕೊಂಡಿದ್ದ. ಉದ್ದನೆಯ ತಿರುವಿನಲ್ಲಿ ತಾನು ಎಷ್ಟು ತಡವಾಗಿ ಬ್ರೇಕ್ ಒತ್ತಿದೆ ಎಂಬುದನ್ನು ಉಪ್ಪಿನ ಡಬ್ಬಿ, ಚಮಚ ಜೋಡಿಸಿ ತೋರಿಸಿದ ಕೂಡ. ಅಪ್ಪ ಅರ್ಧ ಸುಲಿದ ಮೊಟ್ಟೆಯನ್ನು ಕೆಳಗಿಟ್ಟು ಅವನನ್ನೇ ನೋಡಿದ. ಸಿಟ್ಟಿರಲಿಲ್ಲ. ಕೂಡಿಸಲು ಬಾರದ ಗುಮಾಸ್ತನನ್ನು ನೋಡುವ ನೋಟ ಅದು.

"ಅದನ್ನ ನೀನು ನಿಜ ಅಂದ್ಕೊಂಡಿದೀಯಾ?" ಎಂದ ಅಪ್ಪ. "ಆ ಹುಡುಗನ ಸರದಿ ಬಂದಾಗ ಕಾರಿಗೆ ಬಾಯ್ತನಕ ಪೆಟ್ರೋಲ್ ತುಂಬಿಸಿ ಬಿಟ್ರು. ನಿನ್ನ ಸರದೀಲಿ ತಳದಲ್ಲಿ ಒಂದಿಷ್ಟು. ಅಷ್ಟು ಭಾರ ಹೊತ್ಕೊಂಡು ಯಾರು ತಾನೇ ಓಡ್ತಾರೆ? ಟ್ಯಾಂಕ್ ತುಂಬಿಸೋದು ನಮ್ಮ ಕಸುಬೇ ಅಲ್ವ."

ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕು ಅಪ್ಪ ಮತ್ತೆ ಮೊಟ್ಟೆ ಸುಲಿಯತೊಡಗಿದ. ದುಡ್ಡು ಕೊಟ್ಟು ಮಗನಿಗೆ ಸೀಟು ಕೊಡಿಸಿದ ಅಂತ ನಾಲ್ಕು ಜನ ಆಡಿಕೊಳ್ಳುವುದು ಕಂಪನಿಯ ಹೆಸರಿಗೆ ಒಳ್ಳೆಯದಲ್ಲ, ಅದಕ್ಕೇ ತಂಡದ ಯಜಮಾನನಿಗೆ ಒಂದು ಆಯ್ಕೆ ಅಂತ ಇಟ್ಟುಬಿಡು ಎಂದಿದ್ದೆ, ಅವನು ಅಚ್ಚುಕಟ್ಟಾಗಿ ಮಾಡಿದ, ನೀನು ಸುಮ್ಮನೆ ಓಡಿಸು, ಇಲ್ಲದ್ದೆಲ್ಲ ತಲೆಗೆ ಹಚ್ಚಿಕೊಳ್ಳಬೇಡ ಎಂದ. ಮಗನ ತಟ್ಟೆಗೆ ಒಂದು ಮೊಟ್ಟೆ ಹಾಕಿದ. ಅವನು ಅದನ್ನು ತಿಂದ. ತಿನ್ನದೆ ಎದ್ದು ಬರಬಹುದಿತ್ತು ಎಂಬುದು ಹೊಳೆದದ್ದು ಕೈ ತೊಳೆಯುವಾಗ.

ಈ ಗ್ಯಾರೇಜಿನಲ್ಲಿ ಎದುರಿಗೆ ಅವನು ಸಾರ್, ಬೆನ್ನ ಹಿಂದೆ ಟ್ಯಾಂಕಿ. ಮನೆಗಳ ತಾರಸಿಯ ಮೇಲೆ ಕೂರುವ ಪ್ಲಾಸ್ಟಿಕ್ ನೀರಿನ ಟ್ಯಾಂಕುಗಳನ್ನು ಅಪ್ಪನ ಕಂಪನಿ ಮಾಡುತ್ತಿತ್ತು. ಈ ವರ್ಷ ತಂಡದ ಕಾರಿನ ಮೂಗಿನಿಂದ ಬಾಲದವರೆಗೆ ಆ ಟ್ಯಾಂಕಿನ ಚಿತ್ರವೇ. ಮೊದಮೊದಲು ಆ ಹೆಸರು ಕಿವಿಗೆ ಬಿದ್ದಾಗ ಮುಖ ಕೆಂಪಾಗುತ್ತಿತ್ತು. ಆಮೇಲೆ ತಾನೇ ನಗಲು ಕಲಿತ. ನಗುವುದನ್ನು ಅವನು ಬೇಗ ಕಲಿಯುತ್ತಿದ್ದ. ಕಲಿಯಲಾಗದೆ ಹೋದದ್ದು ಚಪ್ಪಾಳೆಯನ್ನು ನಂಬುವುದು. ಹುಡುಗನಾಗಿದ್ದಾಗ ಅಪ್ಪ ಸಂಬಳ ಕೊಟ್ಟು ಇಟ್ಟಿದ್ದ ತರಬೇತುದಾರರು ಅವನು ಪುಟ್ಟ ಕಾರನ್ನು ಹುಲ್ಲಿಗೆ ಹಾಯಿಸಿದರೂ ಭೇಷ್ ಎನ್ನುತ್ತಿದ್ದರು. ಆ ಭೇಷ್‌ನ ತಳದಲ್ಲಿ ಏನೋ ಟೊಳ್ಳು ಕೇಳಿಸುತ್ತಿತ್ತು. ಬೆರಳಲ್ಲಿ ತಟ್ಟಿದರೆ ಖಾಲಿ ಟ್ಯಾಂಕು ಕೊಡುವ ಸದ್ದು. ಅಪ್ಪನ ಹೆಸರು ಗೊತ್ತಿಲ್ಲದ ಯಾರಾದರೂ, ಅಥವಾ ಗೊತ್ತಿದ್ದೂ ಲೆಕ್ಕಕ್ಕಿಡದ ಯಾರಾದರೂ, ಒಂದು ಸಲ ಹೇಳಬೇಕು ಎಂದು ಅವನು ಕಾದ. ಹೇಳಿದವನು ಸಣಕಲ. ಆಯ್ಕೆಯ ದಿನ ಒಂದೇ ಕಾರು, ಬೆಳಿಗ್ಗೆ ಇವನಿಗೆ, ಮಧ್ಯಾಹ್ನ ಅವನಿಗೆ. ಸಣಕಲ ಅದೇ ತಂಡದ ಸಣ್ಣ ಕಾರನ್ನು ಓಡಿಸಿ ಗೆದ್ದು ಗೆದ್ದು ಮೇಲೆ ಬಂದವನು. ಅಪ್ಪ ಅಮ್ಮ ಇಲ್ಲದ ಅವನನ್ನು ಬಟ್ಟೆ ಹೊಲಿದು ಸಾಕಿದ ಅಕ್ಕ ಆವತ್ತು ಬೇಲಿಯ ಆಚೆ ಸೆರಗು ಹಿಡಿದುಕೊಂಡು ನಿಂತಿದ್ದಳು. ಮಧ್ಯಾಹ್ನದ ಓಟ ಮುಗಿಸಿ ಸಣಕಲ ಹೆಲ್ಮೆಟ್ ತೆಗೆದಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಫಲಕದ ಮೇಲೆ, ಒಂದು ಸುತ್ತಿಗೆ ಇವನು ತೆಗೆದುಕೊಂಡ ಹೊತ್ತೇ ಕಡಿಮೆ. ಅಕ್ಕನ ಕಡೆ ನೋಡದೆ ಅವನು ನೇರ ಇವನ ಬಳಿ ಬಂದು ಕೈ ಹಿಡಿದುಕೊಂಡ. "ಆ ಉದ್ದ ತಿರುವಲ್ಲಿ ಹೇಗೆ ಹೋದೆಯೋ ಮಾರಾಯ? ನನಗೆ ಆಗ್ಲಿಲ್ಲ," ಎಂದ. ಒದ್ದೆಯಾದ ತಣ್ಣನೆಯ ಕೈ. ಆ ಕೈ ಟೊಳ್ಳಾಗಿರಲಿಲ್ಲ. ಆವತ್ತು ಮನೆಗೆ ಬಂದು ಅವನು ಬಚ್ಚಲಲ್ಲಿ ಅತ್ತಿದ್ದ, ಸಂತೋಷಕ್ಕೆ.

"ಆವತ್ತು ಅವನ ಕಾರಿಗೆ ಎಷ್ಟು ತುಂಬಿಸಿದ್ರಿ?" ಎಂದು ಈಗ ಅವನು ಮುಖ ಎತ್ತದೆ ಕೇಳಿದ.

ಭುಜದ ಮೇಲಿನ ಕೈಗಳು ಸಡಿಲವಾಗಲಿಲ್ಲ. "ಅಲ್ಲಾಡಬೇಡಿ," ಎಂದ ಮೇಸ್ತ್ರಿ. ಆಮೇಲೆ, ಯಜಮಾನರು ಎಷ್ಟು ಹೇಳಿದರೋ ಅಷ್ಟು ಎಂದ. ಸಣಕಲನಿಗೆ ಗೊತ್ತಾಗಲಿಲ್ಲವೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಹಿಂದಿನಿಂದಲೇ, ಮುಖ ತೋರಿಸದೆ, ಬಿಡಿಬಿಡಿಯಾಗಿ ಹೇಳಿದ. "ಗೊತ್ತಾಯ್ತು. ಬಂದು ಕೇಳ್ದ. ಕಾರು ಭಾರ ಅನ್ಸುತ್ತೆ ಅಣ್ಣ, ತಿರುವಲ್ಲಿ ಬಾಲ ಎಳೀತಿದೆ ಅಂದ. ಕಾರಲ್ಲಿ ಏನೂ ಇಲ್ಲ, ಬೆಳಿಗ್ಗೆ ಇದ್ದಷ್ಟೇ ಇದೆ, ಭಾರ ನಿನ್ನ ಕೈಯಲ್ಲಿರ್ಬೇಕು ಅಂದೆ. ಅವನಿಗೆ ಕ್ಲಚ್ ಹಿಡಿಯೋದು ಕಲಿಸಿದವನು ನಾನು ಸಾರ್. ನಾನು ಹೇಳಿದ್ರೆ ನಂಬ್ತಾನೆ." ನೊರೆ ಗಟ್ಟಿಯಾಗಿತ್ತು. ಮೇಸ್ತ್ರಿ ಕಂಕುಳಿಗೆ ಕೈ ಹಾಕಿ ಅವನನ್ನು ಎತ್ತಿದ. ಚೀಲದ ಮೇಲೆ ಅವನ ಬೆನ್ನು, ಸೊಂಟ, ತೊಡೆ, ಎಲ್ಲ ಕಂಡರಿಸಿದಂತೆ ಮೂಡಿದ್ದವು. ತನ್ನ ಹಿಂಭಾಗ ಇಷ್ಟು ಅಗಲ ಎಂದು ಅವನಿಗೆ ತಿಳಿದಿರಲಿಲ್ಲ. ಚೆನ್ನಾಗಿ ಕೂತಿದೆ ಎಂದ ಮೇಸ್ತ್ರಿ, ಅದರ ಅಂಚನ್ನು ಚಾಕುವಿನಿಂದ ಸವರುತ್ತಾ.

ಅಲ್ಲಿಂದ ಅವನು ಹೊರಟದ್ದು ಹೇಳಿಬಿಡಲಿಕ್ಕೇ. ಅದರಲ್ಲಿ ಸಂಶಯವಿರಲಿಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡ: ನೋಡು, ಒಂದು ವಿಷಯ ಹೇಳ್ಬೇಕು. ಇಲ್ಲ, ಹಾಗೆ ಶುರು ಮಾಡಿದರೆ ಸಾವಿನ ಸುದ್ದಿ ತಂದಂತಿರುತ್ತದೆ. ಆವತ್ತಿನ ಓಟ ಸುಳ್ಳು ಕಣೋ. ಇದು ಸರಿ, ಚಿಕ್ಕದು. ಆಮೇಲೆ ಸಣಕಲ ಏನು ಮಾಡಬಹುದು? ಕಪಾಳಕ್ಕೆ ಹೊಡೆಯಬಹುದು. ಹೊಡೆಯಲಿ. ಹೊಡೆಸಿಕೊಂಡು ನಿಂತ ತನ್ನ ಚಿತ್ರ ಕಣ್ಣಿಗೆ ಬಂದು, ಅದು ತನಗೆ ಒಪ್ಪುತ್ತದೆ ಎನ್ನಿಸಿತು. ಕೆನ್ನೆ ಕೆಂಪಾಗಿ, ಮಾತಿಲ್ಲದೆ, ತಲೆ ತಗ್ಗಿಸಿ. ಅದರಲ್ಲೂ ಒಂದು ಗೆಲುವು ಇತ್ತು. ಸಿಗ್ನಲ್ಲಿನಲ್ಲಿ ಹಿಂದಿನ ವಾಹನ ಹಾರನ್ ಬಾರಿಸಿದಾಗಲೇ ಹಸಿರು ಬಿದ್ದು ಹೊತ್ತಾಗಿದೆ ಎಂದು ತಿಳಿದದ್ದು.

ಆಯ್ಕೆಯಲ್ಲಿ ಸೋತ ಮೇಲೆ ಸಣಕಲ ಕಾರು ಕಲಿಸುವ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಕನ್ನಡಕದಂಗಡಿ ಮತ್ತು ಇಸ್ತ್ರಿ ಅಂಗಡಿಯ ನಡುವೆ ಒಂದು ಇಕ್ಕಟ್ಟಿನ ಕೋಣೆ, ಹೊರಗೆ ತಲೆಯ ಮೇಲೆ ಬೋರ್ಡು ಹೊತ್ತ ಒಂದು ಪುಟ್ಟ ಕಾರು. ಕಾರು ಆಗಲೇ ಹೊರಡುವುದರಲ್ಲಿತ್ತು. ಸ್ಟಿಯರಿಂಗಿನ ಹಿಂದೆ ದಪ್ಪ ಕನ್ನಡಕದ ನಡುವಯಸ್ಸಿನ ಹೆಂಗಸು ಕತ್ತು ಸೆಟೆಸಿ ಕೂತಿದ್ದಳು. ಪಕ್ಕದಲ್ಲಿ, ಕಲಿಸುವವನಿಗೆಂದು ಹೆಚ್ಚಿಗೆ ಕೂರಿಸಿದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಸಣಕಲ. ಇವನನ್ನು ಕಂಡದ್ದೇ ಅವನ ಮುಖ ಬೆಳಗಿತು. ಬಾ ಬಾ, ಹಿಂದೆ ಹತ್ತು, ಮೇಡಂ ಏನೂ ಅಂದುಕೊಳ್ಳುವುದಿಲ್ಲ ಎಂದ. ಅಲ್ಲಿ ನಿಂತು ಹೇಳುವ ಮಾತಲ್ಲವಾದ್ದರಿಂದ ಇವನು ಹತ್ತಿದ. ಮಂಡಿ ಎದೆಗೆ ತಾಗುವಷ್ಟು ಇಕ್ಕಟ್ಟು. ಕಾರು ಎರಡು ಸಲ ಬಿಕ್ಕಿ, ನಿಂತು, ಮತ್ತೆ ಹೊರಟಿತು.

"ಮೇಷ್ಟ್ರೇ, ಹಿಂದೆ ಯಾರನ್ನೋ ಕೂರಿಸ್ಕೊಂಡ್ರೆ ನನಗೆ ಗೇರ್ ಮರೆತುಹೋಗುತ್ತೆ," ಎಂದಳು ಹೆಂಗಸು.

"ಯಾರೋ ಅಲ್ಲ ಮೇಡಂ ಇವನು. ದೊಡ್ಡ ರೇಸಿನವನು. ಒಂದೇ ಕಾರಲ್ಲಿ ಇಬ್ಬರೂ ಓಡಿಸಿ, ನ್ಯಾಯವಾಗಿ ನನ್ನನ್ನ ಸೋಲಿಸಿದವನು," ಎಂದ ಸಣಕಲ. ಕನ್ನಡಿಯಲ್ಲಿ ದಪ್ಪ ಗಾಜಿನ ಹಿಂದಿನ ಕಣ್ಣುಗಳು ಇವನನ್ನು ಗೌರವದಿಂದ ನೋಡಿದವು. ರಸ್ತೆ ನೋಡಿ ಮೇಡಂ ಎಂದು ಸಣಕಲ ಮೆಲ್ಲಗೆ ಗದರಿದ.

ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಹೆಂಗಸು ಇಳಿಯಲಿ ಎಂದು ಇವನು ಕಾದ. ಆಸ್ಪತ್ರೆಯ ಹಿಂದಿನ ಅಗಲವಾದ ಖಾಲಿ ರಸ್ತೆಗೆ ಬಂದ ಮೇಲೆ, ಅವಳು ನಾಲ್ಕನೆಯ ಸಲ ರಿವರ್ಸ್ ತೆಗೆಯಲು ಹೆಣಗುತ್ತಿರುವಾಗ, ಸಣಕಲ ತಾನಾಗಿಯೇ ಹಿಂದಕ್ಕೆ ತಿರುಗಿದ. ನೀನು ಬಂದದ್ದು ಒಳ್ಳೆಯದಾಯಿತು, ನಾನೇ ಹುಡುಕಿಕೊಂಡು ಬರಬೇಕೆಂದಿದ್ದೆ ಎಂದ. ಇನ್ನೊಂದು ತಂಡದವರು ಅವನನ್ನು ಕರೆದಿದ್ದರು. ಅವರ ಕಾರು ಓಡಿಸುವವನು ಕಾಲು ಮುರಿದುಕೊಂಡು ಮಲಗಿದ್ದಾನೆ. ದುಡ್ಡು ತರುವವನು ಬೇಡ, ಓಡಿಸುವವನು ಬೇಕು, ಒಂದು ದಿನ ಬಂದು ಓಡಿಸಿ ತೋರಿಸು ಎನ್ನುತ್ತಿದ್ದಾರೆ. ಇವತ್ತು ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಅಕ್ಕ ಹೋಗು ಎಂದು ಪ್ರಾಣ ತಿನ್ನುತ್ತಿದ್ದಾಳೆ. ಆದರೆ ಅವಳಿಗೇನು ಗೊತ್ತು, ಅವಳು ನೋಡುವುದು ತಮ್ಮನನ್ನು, ಓಟವನ್ನಲ್ಲ. ಇಷ್ಟು ಹೇಳಿ ಸಣಕಲ ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡ. ಆವತ್ತು ಕಾರು ಭಾರ ಅನ್ನಿಸಿತ್ತು, ಮೇಸ್ತ್ರಿಯನ್ನು ಕೇಳಿದೆ, ಅವನು ಸುಳ್ಳು ಹೇಳುವವನಲ್ಲ, ಹಾಗಾದರೆ ಭಾರವಾದದ್ದು ನಾನೇ ತಾನೆ. ಮೊದಲು ಕಾರು ತಾನು ಎಲ್ಲಿ ಜಾರುತ್ತೇನೆ ಎಂಬುದನ್ನೆಲ್ಲ ನನ್ನ ಸೊಂಟಕ್ಕೆ ಹೇಳುತ್ತಿತ್ತು, ಈಗ ಸುಳ್ಳು ಹೇಳುತ್ತದೆ. ಇನ್ನೊಂದು ಸಲ ಅಕ್ಕನ ಕಣ್ಣೆದುರಿಗೆ ಹಾಗಾದರೆ ನಾನು ಉಳಿಯುವುದಿಲ್ಲ ಎಂದ.

"ಉಳಿದವರೆಲ್ಲ ನನ್ನ ಮನಸ್ಸು ನೋಯದ ಹಾಗೆ ಮಾತಾಡ್ತಾರೆ," ಎಂದ. "ನೀನು ನನ್ನ ಎದುರಿಗೆ ಓಡಿಸಿದವನು. ನನಗಿಂತ ಮೇಲು. ನಿನಗೆ ಕಂಡದ್ದು ಹೇಳು. ನಾನು ಹೋಗ್ಲಾ?"

ನನಗಿಂತ ಮೇಲು. ಇಷ್ಟು ಸಲೀಸಾಗಿ, ಹೊಟ್ಟೆಯುರಿ ಇಲ್ಲದೆ, ಮಾತಿನ ನಡುವೆ ಬಂದುಹೋದ ಮಾತು. ಅದು ಒಳಗಿಳಿದು ಇವನ ಎದೆಯಲ್ಲಿ ಬೆಚ್ಚಗೆ ಹರಡಿಕೊಂಡಿತು. ಇವನಿಗೆ ಕಂಡದ್ದು ಸಣಕಲನ ಕಣ್ಣುಗಳು: ಕೆಳಗಿನಿಂದ ಮೇಲಕ್ಕೆ ನೋಡುವ, ವೈದ್ಯನ ಬಾಯನ್ನೇ ಕಾಯುವ ರೋಗಿಯ ಕಣ್ಣುಗಳು. ಜೀವಮಾನದಲ್ಲಿ ಯಾರೂ ಇವನನ್ನು ಹೀಗೆ ನೋಡಿರಲಿಲ್ಲ. ಸತ್ಯ ಹೇಳಿದ ಮರುಗಳಿಗೆ ಈ ನೋಟ ಎಲ್ಲಿರುತ್ತದೆ? ಅದು ಅಪ್ಪನ ನೋಟವಾಗುತ್ತದೆ, ಕೂಡಿಸಲು ಬಾರದ ಗುಮಾಸ್ತನನ್ನು ನೋಡುವುದು. ಅಥವಾ ಅಷ್ಟೂ ಅಲ್ಲ, ಸಣಕಲ ಎದ್ದು ಓಡುತ್ತಾನೆ, ಆ ತಂಡಕ್ಕೆ, ಆ ಕಾರಿಗೆ, ಇವನು ಹಿಂದಿನ ಸೀಟಿನಲ್ಲಿದ್ದಾನೆ ಎಂಬುದನ್ನೂ ಮರೆತು. ಹೊಡೆಯಲೂ ನಿಲ್ಲುವುದಿಲ್ಲ. ಆಮೇಲೆ ರೇಸಿನ ದಿನ ಕನ್ನಡಿಯಲ್ಲಿ ಚುಕ್ಕಿಯಾಗಿ ಕಾಣಿಸಿಕೊಂಡು, ದೊಡ್ಡದಾಗಿ, ಪಕ್ಕದಲ್ಲಿ ಹಾದು, ಮುಂದೆ ಮತ್ತೆ ಚುಕ್ಕಿಯಾಗುತ್ತಾನೆ.

"ಹೋಗಬೇಡ," ಎಂದ ಟ್ಯಾಂಕಿ.

ಸಣಕಲ ರೆಪ್ಪೆ ಬಡಿಯಲಿಲ್ಲ. ಒಂದು ಪದ ಸಾಕಿತ್ತು. ಆದರೆ ಕಾರಣ ಕೊಡದೆ ಬಿಟ್ಟರೆ ಮಾತು ಪೊಳ್ಳಾಗಿ ಕೇಳಿಸೀತೆಂದು ಇವನು ಮುಂದುವರಿಸಿದ. ನೀನು ತಿರುವಿಗೆ ಮುಂಚೆ ಹೆದರುತ್ತೀಯ, ಬ್ರೇಕಿಗೆ ಬೇಗ ಹೋಗುತ್ತೀಯ, ಮೊದಲು ಹೀಗಿರಲಿಲ್ಲ ನೀನು, ಸಣ್ಣ ಕಾರಿನಲ್ಲಿ ಇದು ಕಾಣುವುದಿಲ್ಲ, ದೊಡ್ಡ ಕಾರು ಮುಚ್ಚಿಡುವುದಿಲ್ಲ ಎಂದ. ಹೇಳುತ್ತಾ ಹೋದಂತೆ ದನಿಗೆ ತೂಕ ಬಂತು. ತರಬೇತುದಾರರು ತನಗೆ ಹೇಳಲೇಬೇಕಿದ್ದು ಎಂದೂ ಹೇಳದೆ ನುಂಗಿಕೊಂಡಿದ್ದ ಮಾತುಗಳೆಲ್ಲ, ತನ್ನದೇ ದೋಷಗಳು, ಒಂದೊಂದಾಗಿ ಅವನ ಬಾಯಿಂದ ಬಂದು ಸಣಕಲನ ಮೇಲೆ ಕೂತವು. ಸಣಕಲ ತಲೆಯಾಡಿಸುತ್ತಾ ಹೋದ. ಹೌದು, ಹೌದು ಎಂದ. ನನಗೂ ಹಾಗೇ ಅನ್ನಿಸಿತ್ತು ಎಂದ. ನಂತರ ಜೇಬಿನಿಂದ ಫೋನ್ ತೆಗೆದು, ಅಲ್ಲೇ, ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಆ ತಂಡದವರಿಗೆ ವಿನಯವಾಗಿ ಹೇಳಿ ಇಟ್ಟುಬಿಟ್ಟ. ಹೆಂಗಸು ಎಂಜಿನ್ ಆರಿಸಿ, ಏನೋ ಆಗಬಾರದ್ದು ಆಗಿದೆ ಎಂದು ತಿಳಿದವಳಂತೆ ಇಬ್ಬರನ್ನೂ ನೋಡುತ್ತಿದ್ದಳು.

"ದೊಡ್ಡ ಉಪಕಾರ ಆಯ್ತು ಕಣೋ. ಬೇರೆ ಯಾರೂ ಹೇಳ್ತಿರಲಿಲ್ಲ," ಎಂದ ಸಣಕಲ. ಕಣ್ಣಂಚು ಒರೆಸಿಕೊಂಡು ಮುಂದಕ್ಕೆ ತಿರುಗಿ, ಈಗ ರಿವರ್ಸ್ ಹಾಕಿ ಮೇಡಂ, ಹೆದರಬೇಡಿ, ನಾನಿದ್ದೀನಿ ಎಂದ.

ಮನೆಗೆ ಹೋಗುವಾಗ ಟ್ಯಾಂಕಿ ತನ್ನೊಳಗೆ ಪಶ್ಚಾತ್ತಾಪವನ್ನು ಹುಡುಕಿದ. ಬಾಯಿಯಲ್ಲಿನ ಹುಣ್ಣನ್ನು ನಾಲಿಗೆ ಹುಡುಕುವ ಹಾಗೆ ಮತ್ತೆ ಮತ್ತೆ ಹುಡುಕಿದ. ಸಿಕ್ಕಿತು, ಆದರೆ ಚಿಕ್ಕದು, ನೋವಿಗಿಂತ ರುಚಿಯೇ ಹೆಚ್ಚು. ಮೇಲು ಸೇತುವೆಯ ತಿರುವಿನಲ್ಲಿ ಅವನು ಬ್ರೇಕನ್ನು ತಡವಾಗಿ ಒತ್ತಿದ, ಕಾರು ಸರಾಗವಾಗಿ ಹೊರಳಿತು. ನಾನು ಅಷ್ಟೇನೂ ಕೆಟ್ಟದಾಗಿ ಓಡಿಸುವುದಿಲ್ಲ ಎಂದುಕೊಂಡ. ಭಾರ ಇಲ್ಲದಿದ್ದರೂ ಗೆಲ್ಲುತ್ತಿದ್ದೆನೋ ಏನೋ, ಯಾರು ಕಂಡವರು? ಮನೆ ಮುಟ್ಟುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಜವಾಗಿತ್ತು.

ರೇಸುಗಳು ಶುರುವಾದವು. ಮೊದಲನೆಯದರಲ್ಲಿ ಟ್ಯಾಂಕಿ ಕೊನೆಯವನಾಗಿ ಬಂದ, ಎರಡನೆಯದರಲ್ಲಿ ಗೋಡೆಗೆ ತಾಗಿಸಿ ನಡುವೆಯೇ ನಿಂತ, ಮೂರನೆಯದರಲ್ಲಿ ಮತ್ತೆ ಕೊನೆ. ತಂಡದ ಯಜಮಾನ ಬೆನ್ನು ತಟ್ಟಿ ಚೆನ್ನಾಗಿತ್ತು ಎನ್ನುತ್ತಿದ್ದ. ಅಪ್ಪ ಪ್ರತಿ ರೇಸಿಗೂ ಟ್ಯಾಂಕಿನ ಅಂಗಡಿಯವರನ್ನು ಬಸ್ಸಿನಲ್ಲಿ ತುಂಬಿ ಕರೆತರುತ್ತಿದ್ದ. ಅವರು ಊಟ ಮಾಡಿ, ಟೋಪಿ ಹಾಕಿಕೊಂಡು, ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕಾರು ಎಷ್ಟನೆಯದಾಗಿ ಬಂತೆಂದು ಅವರಲ್ಲಿ ಯಾರೂ ಕೇಳಲಿಲ್ಲ. ಸಣಕಲ ಮಾತ್ರ ಪ್ರತಿ ಸಲವೂ ತನ್ನ ದುಡ್ಡಿನಲ್ಲಿ ಟಿಕೆಟ್ ತೆಗೆದುಕೊಂಡು ಬಂದು ಬೇಲಿಯ ಬಳಿ ನಿಲ್ಲುತ್ತಿದ್ದ. ಪಕ್ಕದವರು ಈ ಟ್ಯಾಂಕಿಗೆ ಓಡಿಸಲು ಬಾರದು ಎಂದಾಗ ಅವರೊಡನೆ ಜಗಳ ತೆಗೆಯುತ್ತಿದ್ದನಂತೆ. ನಾಲ್ಕನೆಯ ರೇಸಿನಲ್ಲಿ ಉಳಿದ ಕಾರುಗಳೆಲ್ಲ ಇವನನ್ನು ಪೂರ್ತಿ ಒಂದು ಸುತ್ತು ಹಿಂದೆ ಹಾಕಿದವು. ಆವತ್ತು ಸಣಕಲ ಬೇಲಿ ದಾಟಿ ನೇರ ಗ್ಯಾರೇಜಿನೊಳಗೆ ಬಂದ.

ಇವನು ಆಗಷ್ಟೇ ಕಾರಿನಿಂದ ಇಳಿದು ಹೆಲ್ಮೆಟ್ ತೆಗೆಯುತ್ತಿದ್ದ. ಅಪ್ಪ ಅಂಗಡಿಯವರ ಗುಂಪಿನೊಂದಿಗೆ ಅಲ್ಲೇ ಇದ್ದ. ಸಣಕಲ ಇವನನ್ನು ದಾಟಿಹೋಗಿ ಮೇಸ್ತ್ರಿಯ ಎದುರು ನಿಂತ. ದನಿ ಸಣ್ಣದಾಗಿತ್ತು.

"ಅಣ್ಣ, ಇವನ ಕಾರಿಗೆ ಏನೋ ಮಾಡಿದೀರಿ ನೀವು. ಇವನ ಓಟ ನನಗೆ ಗೊತ್ತು. ಇವನು ಇಷ್ಟು ನಿಧಾನ ಅಲ್ಲ. ಯಾರ ಮಾತು ಕೇಳಿ ಇವನನ್ನ ಹಾಳು ಮಾಡ್ತಿದೀರಿ?"

ಮೇಸ್ತ್ರಿಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವನು ಸಣಕಲನನ್ನು ನೋಡಿದ, ಅವನ ತಲೆಯ ಮೇಲಿಂದ ಟ್ಯಾಂಕಿಯನ್ನು ನೋಡಿದ. ಆ ನೋಟವನ್ನು ತಪ್ಪಿಸಿಕೊಳ್ಳಲು ಟ್ಯಾಂಕಿ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿದ್ದನ್ನೇ ಮತ್ತೆ ಬಿಚ್ಚಿದ. ಮೇಸ್ತ್ರಿ ಬಾಯಿ ತೆರೆದ. ಅಷ್ಟರಲ್ಲಿ ಯಜಮಾನ ಕಣ್ಸನ್ನೆ ಮಾಡಿ, ಕಾವಲಿನವರಿಬ್ಬರು ಬಂದು ಸಣಕಲನ ರಟ್ಟೆ ಹಿಡಿದರು. ತೆಳ್ಳನೆಯವನು, ಎತ್ತಿದರೆ ಬಂದುಬಿಟ್ಟ. ಕಾಲುಗಳು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಬಾಗಿಲ ಬಳಿ ಅವನು ಕತ್ತು ಹೊರಳಿಸಿ ಟ್ಯಾಂಕಿಯನ್ನು ಹುಡುಕಿದ.

"ನೀನು ಬಾಯಿ ಬಿಡಬೇಡ. ನಿನ್ನ ಸೀಟಿಗೆ ಕುತ್ತು ಬರುತ್ತೆ," ಎಂದ.

ಟೋಪಿ ಹಾಕಿಕೊಂಡ ಅಂಗಡಿಯವನೊಬ್ಬ, ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದುಕೊಂಡೇ, ಯಾರವನು ಎಂದು ಕೇಳಿದ. ಅಪ್ಪ ಮಗನ ಮುಖ ನೋಡಿದ. ಯಜಮಾನ ನೋಡಿದ. ಮೇಸ್ತ್ರಿ ನೋಡಲಿಲ್ಲ.

"ಡ್ರೈವಿಂಗ್ ಸ್ಕೂಲಲ್ಲಿ ಕಲಿಸ್ತಾನೆ," ಎಂದ ಟ್ಯಾಂಕಿ. "ಪಾಪ, ರೇಸಿನ ಹುಚ್ಚು."

ಅಂಗಡಿಯವನು ತ್ಚ್ ತ್ಚ್ ಎಂದು ಮರುಗಿ, ತಟ್ಟೆ ಕೆಳಗಿಟ್ಟು, ಫೋಟೋಕ್ಕೆಂದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಟ್ಯಾಂಕಿ ನಕ್ಕ. ನಗು ಚೆನ್ನಾಗಿ ಬಂತು.